ಪುಟ್ಟಸ್ವಾಮಿಯ ಸೆಟ್ಟಿಂಗು

ಆ ಭಾನುವಾರ ಬೆಳಗ್ಗೆ ಪುಟ್ಟಸ್ವಾಮಿಯ ಕುದುರೆ ನೆಗೆಯಲು ಹೋಗಿ ಗಾಳಿಯಲ್ಲೇ ನಿಂತುಬಿಟ್ಟಿತು. ಮುಂದೆ ಹೋಗಿ ಕಾಲೂರಲಿಲ್ಲ, ಹಿಂದೆ ಬಂದು ತನ್ನ ಮನೆಯಲ್ಲೂ ಕೂರಲಿಲ್ಲ. ಫೋನಿನ ಪರದೆಯ ಮೇಲೆ ಗಡಿಯಾರ ಮಾತ್ರ ಬಿಸಿ ಬಾಣಲೆಗೆ ಬಿದ್ದ ಬೆಣ್ಣೆಯ ಹಾಗೆ ಕರಗುತ್ತ ಕರಗುತ್ತ ಸೊನ್ನೆಗೆ ಬಂತು. ಪೋಲೆಂಡಿನ ಯಾವನೋ ಗೆದ್ದ.

“ಹಾಳಾದ್ ನೆಟ್ಟು!” ಎಂದು ಪುಟ್ಟಸ್ವಾಮಿ ಕೂಗಿದ್ದು ಕುಂಬಾರಕೊಪ್ಪಲಿನ ಆ ಬೀದಿಯ ಅಷ್ಟೂ ಮನೆಗಳಿಗೆ ಕೇಳಿಸಿತು. ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಕುಸುಮ ಕತ್ತು ಕೂಡ ತಿರುಗಿಸಲಿಲ್ಲ.

“ಸೋತ್ರಾ?”

“ಸೋಲ್ಲಿಲ್ಲ ಕಣೇ. ಸ್ಟಕ್ ಆಯ್ತು.”

“ಅದನ್ನೇ ಕೇಳಿದ್ದು.”

ಪುಟ್ಟಸ್ವಾಮಿ ಸಿಟಿ ಬಸ್ಸಿನ ಕಂಡಕ್ಟರು. ಚೆಸ್ ಕಲಿತದ್ದು ಡಿಪೋದ ಬೆಂಚಿನ ಮೇಲೆ, ಡ್ರೈವರುಗಳ ಜೊತೆ. ಫೋನಿನಲ್ಲೇ ಚೆಸ್ ಬಂದ ಮೇಲೆ ಅವನು ಡ್ರೈವರುಗಳನ್ನು ಬಿಟ್ಟು ದೇಶವಿದೇಶಗಳನ್ನು ಹಿಡಿದ. ಬ್ರೆಜಿಲಿನವನನ್ನು ಹೊಡೆದೆ, ಫಿಲಿಪೈನ್ಸಿನವಳನ್ನು ಕಟ್ಟಿಹಾಕಿದೆ ಎಂದು ಟಿಕೆಟ್ ಹರಿಯುತ್ತಲೇ ಪ್ರಯಾಣಿಕರಿಗೆ ವರದಿ ಕೊಡುತ್ತಿದ್ದ. ಗೆದ್ದರೆ ಅದು ಅವನ ತಲೆ, ಸೋತರೆ ಅದು ನೆಟ್ಟು. ಸೋತದ್ದೇ ಹೆಚ್ಚಾದ್ದರಿಂದ, ಕುಂಬಾರಕೊಪ್ಪಲಿನಲ್ಲಿ ನೆಟ್ ಬಹಳ ಕೆಟ್ಟದ್ದು ಎಂಬ ನಂಬಿಕೆ ಊರಲ್ಲೆಲ್ಲ ಹರಡಿತ್ತು. ನೆಟ್ಟೊಂದು ಸರಿಯಿದ್ದಿದ್ದರೆ ಪುಟ್ಟಸ್ವಾಮಿ ಎಲ್ಲೋ ಇರಬೇಕಾದವನು ಎಂಬುದು ಅದರ ಜೊತೆಗೇ ಬೆಳೆದ ಇನ್ನೊಂದು ನಂಬಿಕೆ. ಈ ಎರಡನೆಯದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವನು ಪುಟ್ಟಸ್ವಾಮಿಯೇ.

ಅವನ ನಂತರ ಹಾಗೆ ನಂಬಿದ್ದವರು ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರಾದ ನಿಂಗಯ್ಯ. ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ದಸರೆಗೆ ಮುಂಚೆ ಬಡಾವಣೆ ಬಡಾವಣೆಗಳ ನಡುವೆ ಫೋನಿನಲ್ಲೇ ಚೆಸ್ ಪಂದ್ಯ ಎಂಬ ಸುದ್ದಿ ಬಂದದ್ದೇ ತಡ, ಅವರು ಯಾರನ್ನೂ ಕೇಳದೆ ಪುಟ್ಟಸ್ವಾಮಿಯ ಹೆಸರು ಕೊಟ್ಟುಬಂದಿದ್ದರು. ಇವತ್ತು ಬೆಳಗ್ಗೆ ಅಗ್ರಹಾರದ ಮೇಲೆ ಆಟ. ಅಲ್ಲಿಂದ ಆಡುವವರು ಸಿದ್ದಲಿಂಗಮ್ಮ ಎಂಬ ನಿವೃತ್ತ ಗಣಿತದ ಟೀಚರು. ಇಬ್ಬರೂ ತಂತಮ್ಮ ಮನೆಯಲ್ಲಿ ಕೂತೇ ಆಡುವುದು. ಗೆದ್ದವರಿಗೆ ನಗರ ಮಟ್ಟದ ಆಟದಲ್ಲಿ ಜಾಗ. ಅದು ಮನೆಯಲ್ಲಲ್ಲ, ದೊಡ್ಡ ಸಭಾಂಗಣದ ವೇದಿಕೆ ಮೇಲೆ, ದೀಪದ ಬೆಳಕಿನಲ್ಲಿ, ಎದೆಗೆ ಹೆಸರಿನ ಪಟ್ಟಿ ಸಿಕ್ಕಿಸಿಕೊಂಡು. ಆ ಎದೆಪಟ್ಟಿಯನ್ನು ನೆನೆದು ಪುಟ್ಟಸ್ವಾಮಿಗೆ ವಾರದಿಂದ ಊಟ ಸೇರಿರಲಿಲ್ಲ. ಹೊಸ ಷರಟಿನ ಯಾವ ಕಡೆಗೆ ಸಿಕ್ಕಿಸಬೇಕು ಎಂದು ಕನ್ನಡಿಯ ಮುಂದೆ ನಿಂತು ನೋಡಿಯೂ ಆಗಿತ್ತು.

ಕೂಗು ಕೇಳಿ ಮೊದಲು ಬಂದವರು ನಿಂಗಯ್ಯ. ಅವರ ಹಿಂದೆ ಬೀದಿ ಬಂತು.

“ಏನಯ್ಯ, ಇವತ್ತೂ ಸ್ಟಕ್ಕಾ? ಎಲ್ಲಿಟ್ಟಿದೀಯ ನಿನ್ನ ವೈಫೈ ಡಬ್ಬ?”

“ಟಿವಿ ಪಕ್ಕ ಅದೆ ಅಣ್ಣ.”

“ಅಲ್ಲೇ ತಪ್ಪು ಮಾಡಿರೋದು! ಸಿಗ್ನಲ್ ಅನ್ನೋದು ನೀರಿದ್ದಂಗೆ ಕಣಯ್ಯ. ಮೇಲಿಂದ ಕೆಳಕ್ಕೆ ಹರೀಬೇಕು. ಟ್ಯಾಂಕ್ನ ಯಾರಾದ್ರೂ ನೆಲದ್ ಮೇಲೆ ಇಡ್ತಾರಾ?”

ಕರೆಂಟಿನ ಕಂಬ ಹತ್ತಿಳಿದು ಸವೆದ ಮನುಷ್ಯನ ಮಾತಿಗೆ ಎದುರು ಹೇಳುವುದು ಹೇಗೆ? ಪುಟ್ಟಸ್ವಾಮಿ ಸ್ಟೂಲು ಹತ್ತಿ ಡಬ್ಬವನ್ನು ಅಟ್ಟದ ಮೇಲೆ, ಹಳೆಯ ಇಡ್ಲಿ ಪಾತ್ರೆಯ ಮಗ್ಗುಲಲ್ಲಿ ಇಟ್ಟ. ಇಳಿಯುವಾಗ ಸ್ಟೂಲು ಜಾರಿ ಹೊಸ ಷರಟಿನ ತೋಳಿಗೆ ಅಟ್ಟದ ಮಸಿಯೆಲ್ಲ ಬಳಿದುಕೊಂಡಿತು. ನೆಟ್ ಹಾಗೇ ಇತ್ತು.

“ಅಣ್ಣಾ, ಡಬ್ಬದ್ದೇನೂ ತಪ್ಪಿಲ್ಲ. ಸೆಟ್ಟಿಂಗ್ಸ್ ಸರಿ ಇಲ್ಲ,” ಎಂಬ ದನಿ ಬಾಗಿಲಿಂದ ಬಂತು.

ಬಂದವನು ಮೂಲೆಯ ಮೊಬೈಲ್ ಅಂಗಡಿಯ ಸಂಜಯ್. ಫೋನಿಗೆ ಗಾಜು ಅಂಟಿಸುವುದು, ಕವರು ಮಾರುವುದು ಅವನ ಕಸುಬು. ಫೋನಿನ ಒಳಗಿನ ವಿಷಯ ಅವನಿಗೆ ಎಷ್ಟು ಗೊತ್ತು ಎಂದು ಇದುವರೆಗೆ ಯಾರೂ ಪರೀಕ್ಷೆ ಮಾಡಿರಲಿಲ್ಲ. ಅವನು ಪುಟ್ಟಸ್ವಾಮಿಯ ಕೈಯಿಂದ ಫೋನನ್ನು, ಡಾಕ್ಟರು ಮಗುವನ್ನು ಇಸಿದುಕೊಳ್ಳುವ ಹಾಗೆ ಇಸಿದುಕೊಂಡ. ಎಲ್ಲರಿಗೂ ಕಾಣಲಿ ಎಂದು ಮೊದಲು ಅದನ್ನು ಟಿವಿಗೆ ಜೋಡಿಸಿದ. ಚಾಪೆಯ ಮೇಲೆ, ಕಿಟಕಿಯ ಮೇಲೆ, ಬಾಗಿಲ ಮೆಟ್ಟಿಲ ಮೇಲೆ ಜನ ಕೂತರು.

“ಆಪ್ ಬಿಟ್ಟು ಬ್ರೌಸರ್‌ನಲ್ಲಿ ಆಡ್ತಿದೀರಾ. ಅದ್ರಲ್ಲೂ ನೋಡಿ, ಎಷ್ಟೊಂದು ಟ್ಯಾಬ್ ತೆಗ್ದು ಹಂಗೇ ಬಿಟ್ಟಿದೀರಾ! ಫೋನು ಉಸಿರಾಡೋದೆಂಗೆ?” ಎಂದು ಸಂಜಯ್ ಒಂದೊಂದನ್ನೇ ಮುಚ್ಚುತ್ತ ಹೋದ. ಮುಚ್ಚುವ ಮೊದಲು ಪ್ರತಿಯೊಂದೂ ಟಿವಿಯಲ್ಲಿ ದೊಡ್ಡದಾಗಿ ಮೂಡಿ ಮರೆಯಾಯಿತು. ‘ಉದುರಿದ ಕೂದಲು ಮತ್ತೆ ಬರುತ್ತದೆಯೇ’ ಬಂತು. ‘ಚೆಸ್ಸಿನಲ್ಲಿ ಬೇಗ ಗೆಲ್ಲುವ ಉಪಾಯ’ ಬಂತು. ಅದಾದ ಮೇಲೆ ‘ಹೆಂಡತಿ ಮಾತು ಬಿಟ್ಟರೆ ಗಂಡ ಏನು ಮಾಡಬೇಕು’ ಎಂಬುದು ಬಂತು. ಅದು ಮಾತ್ರ ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.

ಸೌಟು ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಕುಸುಮ, “ಉತ್ತರ ಸಿಕ್ತಾ?” ಎಂದಳು.

ಬೀದಿಗೆ ಬೀದಿಯೇ ನಕ್ಕಿತು.

“ಈಗ ಕ್ಯಾಶ್ ಕ್ಲಿಯರ್ ಮಾಡ್ಬೇಕಣ್ಣ,” ಎಂದ ಸಂಜಯ್.

“ಕ್ಯಾಶ್ ನಿನ್ನೇನೇ ಡಿಪೋದಲ್ಲಿ ಕಟ್ಬುಟ್ಟೆ ಕಣೋ. ಒಂದು ಪೈಸ ನನ್ನತ್ರ ಇಲ್ಲ,” ಎಂದು ಪುಟ್ಟಸ್ವಾಮಿ ಗಾಬರಿಯಿಂದ ಹೇಳಿದ.

“ಆ ಕ್ಯಾಶಲ್ಲ ಅಣ್ಣ. ಫೋನಿನೊಳಗೆ ಕಸ ಸೇರ್ಕೊಂಡಿರ್ತದೆ, ಅದನ್ನ ಗುಡಿಸೋದು.”

ಗುಡಿಸಿದ. ಕಸದ ಜೊತೆಗೆ ಪುಟ್ಟಸ್ವಾಮಿಯೂ ಆಚೆ ಹೋದ. ಪರದೆ ಅವನ ಗುರುತೇ ಇಲ್ಲದ ಹಾಗೆ ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು.

“ಪಾಸ್‌ವರ್ಡ್ ಏನಣ್ಣ?”

ಪುಟ್ಟಸ್ವಾಮಿ ಅತ್ತಿತ್ತ ನೋಡಿ ಸಂಜಯನ ಕಿವಿಯಲ್ಲಿ ಉಸುರಿದ. ಸಂಜಯ್ ಒತ್ತುವಾಗ ಅಕ್ಷರ ತಪ್ಪದಿರಲೆಂದು ಗಟ್ಟಿಯಾಗಿಯೇ ಹೇಳಿಕೊಂಡ. “ಎನ್ನು, ಎರಡು ಎ, ಎನ್ನು, ಇ...” ಚಾಪೆಯ ಮೇಲಿದ್ದ ಹೆಂಗಸೊಬ್ಬಳು ಅಕ್ಷರ ಕೂಡಿಸುತ್ತ ಹೋಗಿ, ಕೊನೆಗೆ ಒಗಟು ಬಿಡಿಸಿದವಳ ಖುಷಿಯಲ್ಲಿ ಕೂಗಿದಳು. “ನಾನೇ ರಾಜ!”

“ಮನೇಲಿ ಯಾರೂ ಹೇಳಲ್ಲ ನೋಡಿ. ಅದಕ್ಕೇ ಅಲ್ಲಿ ಬರ್ಕೊಂಡಿದಾರೆ,” ಎಂದಳು ಕುಸುಮ.

ಆದರೆ ಸಂಜಯ್ ನಿಲ್ಲುವವನಲ್ಲ. ಕಾಯಿ ಜಾರಿಕೊಂಡು ಹೋಗುವ ಅಲಂಕಾರವನ್ನು ಆಫ್ ಮಾಡಿದ. ಸದ್ದು ಆಫ್ ಮಾಡಿದ. ಬ್ಯಾಟರಿ ಉಳಿಸುವ ಗುಂಡಿ ಆಫ್ ಮಾಡಿದ. “ಇಲ್ನೋಡಿ, ಏನೇ ಒತ್ತಿದ್ರೂ ‘ಖಂಡಿತಾನಾ? ಖಂಡಿತಾನಾ?’ ಅಂತ ಎರಡೆರಡು ಸಲ ಕೇಳ್ತದೆ, ವಧು ಪರೀಕ್ಷೆಗೆ ಬಂದೋರಂಗೆ. ಟೈಮೆಲ್ಲ ಇಲ್ಲೇ ಹೋಗ್ತಿರೋದು,” ಎಂದು ಕೇಳುವುದನ್ನೆಲ್ಲ ಒಂದೂ ಬಿಡದೆ ಆಫ್ ಮಾಡಿದ.

ಆಗ ಪುಟ್ಟಸ್ವಾಮಿ ಒಂದು ಕಾಯಿ ಮುಟ್ಟಿ ನೋಡಿದ. ಹೇಳಬೇಕೆ! ಬೆರಳಿಟ್ಟ ತಕ್ಷಣ ಕಾಯಿ ಅಲ್ಲಿ ಹೋಗಿ ಕೂತಿತ್ತು. ಬೆಳಗಿನ ಜಾವ ಖಾಲಿ ರಿಂಗ್ ರಸ್ತೆಯಲ್ಲಿ ಬಸ್ಸು ಹೋದ ಹಾಗೆ, ಬ್ರೇಕಿಲ್ಲ, ಹಂಪಿಲ್ಲ. ಅವನ ಕಣ್ಣಲ್ಲಿ ನೀರಾಡಿತು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇಷ್ಟು ಹೊತ್ತು ಮಾತಿಲ್ಲದೆ ಕೂತು ಅಧ್ಯಕ್ಷರ ಬಾಯಿ ನವೆಯುತ್ತಿತ್ತು.

“ಎಲ್ಲಾ ಸರಿ ಕಣೋ ಸಂಜಯ್. ಆದ್ರೆ ಪರದೆ ಮೇಲೆಲ್ಲ ಇಂಗ್ಲಿಷ್ ಯಾಕೆ? ನಮ್ಮ ಬಡಾವಣೆ ಆಟ ಕನ್ನಡದಲ್ಲೇ ನಡೀಬೇಕು.”

ಇದಕ್ಕೆ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಇಲ್ಲವೆನ್ನುವುದುಂಟೇ? ಸಂಜಯ್ ಭಾಷೆಗಳ ಸಾಲನ್ನು ಭರಭರನೆ ಸರಿಸಿದ. ದುಂಡು ದುಂಡಾದ ಅಕ್ಷರ ಕಂಡದ್ದೇ “ಇಲ್ಲಿದೆ!” ಎಂದು ಒತ್ತಿಬಿಟ್ಟ. ಪರದೆಯ ತುಂಬ ಜಿಲೇಬಿ ಸುರಿದಂತೆ ಏನೋ ಬಂದು ಕೂತಿತು. ದೂರದಿಂದ ಕನ್ನಡವೇ. ಹತ್ತಿರ ಹೋಗಿ ಓದಲು ನೋಡಿದರೆ ಒಂದಕ್ಷರ ನಾಲಗೆಗೆ ಸಿಗಲೊಲ್ಲದು. ಅದು ಜಾರ್ಜಿಯಾ ದೇಶದ ಲಿಪಿ ಎಂಬುದು ಆಮೇಲೆಂದೋ ತಿಳಿದ ವಿಷಯ.

“ಇದ್ಯಾವ ಕನ್ನಡ ಕಣೋ?”

“ಹಳೆಗನ್ನಡ ಇರ್ಬೇಕು,” ಎಂದರು ಯಾರೋ.

ವಾಪಸು ತರೋಣವೆಂದರೆ ಭಾಷೆ ಬದಲಿಸುವ ಗುಂಡಿ ಎಲ್ಲಿದೆ ಎಂದು ಬರೆದಿರುವುದೂ ಅದೇ ಲಿಪಿಯಲ್ಲಿ. ಸಂಜಯ್ ಬೆವರು ಒರೆಸಿಕೊಳ್ಳುತ್ತಿದ್ದಂತೆ ಪರದೆಯ ಮೇಲೆ ಸಿದ್ದಲಿಂಗಮ್ಮನವರ ಹೆಸರು ಮಿನುಗಿತು. ಆಟ ಶುರುವಾಗಿಬಿಟ್ಟಿತು.

“ಭಾಷೆ ಹಾಳಾಗ್ಲಿ, ಕಾಯಿಗೆ ಭಾಷೆ ಯಾಕೆ!” ಎಂದು ಪುಟ್ಟಸ್ವಾಮಿ ಫೋನು ಕಿತ್ತುಕೊಂಡು ಕೂತ. ಬಿಳಿ ಕಾಯಿ ಅವನದು.

ಇನ್ನು ಹೇಳಬೇಕಾದ ಮಾತನ್ನು ನ್ಯಾಯವಾಗಿ ಹೇಳಬೇಕು. ಆ ದಿನ ಆಡಿದಂಥ ಆಟವನ್ನು ಪುಟ್ಟಸ್ವಾಮಿ ತನ್ನ ಜನ್ಮದಲ್ಲೇ ಆಡಿರಲಿಲ್ಲ. ಕಾಯಿ ನಿಲ್ಲುತ್ತದೆಂಬ ಭಯವಿಲ್ಲದ್ದರಿಂದ ತಲೆ ತಿಳಿಯಾಗಿತ್ತು. ಟೀಚರು ಲೆಕ್ಕ ಬಿಡಿಸಿದಂತೆ ಒಂದೊಂದೇ ಮೆಟ್ಟಿಲು ಏರಿ ಬಂದರು. ಇವನು ಕಿಕ್ಕಿರಿದ ಬಸ್ಸಿನಲ್ಲಿ ಸಂದು ಹುಡುಕಿ ಹಿಂದಿನ ಬಾಗಿಲಿಗೆ ಹೋಗುವವನಂತೆ ಅವರ ಪಡೆಯ ನಡುವೆ ನುಸುಳಿದ. ಒಂದು ಒಂಟೆ ಕೊಟ್ಟು ಅವರ ರಾಜನ ಮುಂದಿನ ಕಾಲಾಳುಗಳನ್ನು ಚದುರಿಸಿದ. ಕುದುರೆಯನ್ನು ಮುಂದೆ ತಂದು ನಿಲ್ಲಿಸಿದ. ಮಂತ್ರಿ ಒಂದು ಹೆಜ್ಜೆ ಮುಂದೆ ಹೋದರೆ ಮುಗಿಯಿತು, ಟೀಚರ ರಾಜನಿಗೆ ಓಡಲು ಮನೆಯಿಲ್ಲ.

ಕುಸುಮ ಸೌಟು ಎದೆಗವಚಿಕೊಂಡು ನಿಂತಿದ್ದಳು. ಪುಟ್ಟಸ್ವಾಮಿ ಹೆಬ್ಬೆರಳನ್ನು ನಿಧಾನವಾಗಿ ಮಂತ್ರಿಯ ಕಡೆಗೆ ಇಳಿಸಿದ.

“ಕೊಡಯ್ಯ ಏಟು!” ಎಂದು ನಿಂಗಯ್ಯ ಅಭಿಮಾನ ತಡೆಯಲಾರದೆ ಅವನ ಬೆನ್ನಿಗೆ ಒಂದು ಗುದ್ದಿದರು.

ಹೆಬ್ಬೆರಳು ಜಾರಿ ಹಲಗೆಯ ಕೆಳಗಿದ್ದ ಪುಟ್ಟ ಬಾವುಟದ ಮೇಲೆ ಬಿತ್ತು.

ಫೋನಿನಲ್ಲಿ ಚೆಸ್ ಆಡುವವರಿಗೆಲ್ಲ ಆ ಬಾವುಟ ಗೊತ್ತು. ‘ಸೋತೆ, ಆಟ ಬಿಟ್ಟೆ’ ಎಂದು ಹೇಳುವ ಗುಂಡಿ ಅದು. ಬೇರೆ ದಿನವಾಗಿದ್ದರೆ ಫೋನು ‘ಖಂಡಿತಾನಾ?’ ಎಂದು ಕೇಳುತ್ತಿತ್ತು, ಇವನು ‘ಅಯ್ಯೋ ಇಲ್ಲಪ್ಪ’ ಎನ್ನುತ್ತಿದ್ದ. ಇವತ್ತು ಕೇಳಲಿಲ್ಲ. ಹಲಗೆ ಮಂಕಾಯಿತು. ಗಡಿಯಾರ ನಿಂತಿತು. ಟಿವಿಯ ನಟ್ಟನಡುವೆ ಒಂದು ಬಾವುಟ ಎದ್ದಿತು, ಅದರ ಕೆಳಗೆ ಒಂದು ಸಾಲು ಜಿಲೇಬಿ.

ಪುಟ್ಟಸ್ವಾಮಿಗೆ ಆ ಭಾಷೆ ಬಾರದಿದ್ದರೂ ಆ ಸಾಲಿನ ಅರ್ಥ ಚೆನ್ನಾಗಿ ಆಯಿತು.

“ಬಾವುಟ ಹಾರ್ತು!” ಎಂದು ನಿಂಗಯ್ಯ ಎದ್ದು ಕುಣಿದರು. “ಅಗ್ರಹಾರದ್ ಮೇಲೆ ಕುಂಬಾರಕೊಪ್ಪಲ ಬಾವುಟ!”

ಮನೆ ಒಡೆದು ಹೋಗುವಂಥ ಕೇಕೆ. ಎಲ್ಲಿಂದಲೋ ತಮಟೆ ಬಂತು. ಅಧ್ಯಕ್ಷರು ಹಿಂದಿನ ದಿನವೇ ತಂದಿಟ್ಟಿದ್ದ ಹೂವಿನ ಹಾರ ಪುಟ್ಟಸ್ವಾಮಿಯ ಕೊರಳಿಗೆ ಬಿತ್ತು.

“ಅಣ್ಣ, ಅದು... ಆ ಬಾವುಟ...”

“ಹೂಂ ಕಣಯ್ಯ, ಬಾವುಟ! ನೀನೇ ಹಾರ್ಸಿದ್ದು!”

“ಅಲ್ಲ, ನಾನು ಗೆದ್ದಿದ್ದು...”

“ನೀನೇ ಗೆದ್ದಿದ್ದು! ಯಾರಯ್ಯ ಇಲ್ಲ ಅಂದೋರು?”

ಅಷ್ಟರಲ್ಲಿ ಇಬ್ಬರು ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಬೀದಿಗೆ ತಂದಿದ್ದರು. ಹೆಗಲ ಮೇಲಿಂದ ಬೀದಿ ಬೇರೆಯೇ ಕಾಣುತ್ತದೆ. ಯಾವತ್ತೂ ಕತ್ತೆತ್ತಿ ಮಾತಾಡದ ಎದುರುಮನೆಯವರು ಮಹಡಿಯಿಂದ ಕೈ ಬೀಸಿದರು. ಹೆಂಗಸರು ಹಣೆಗೆ ಕುಂಕುಮವಿಟ್ಟರು. ಸಂಜಯ್ ತನ್ನ ಅಂಗಡಿ ಮುಂದೆ ನಿಂತು “ಸೆಟ್ಟಿಂಗ್ ಮಾಡಿದ್ದು ನಾನೇ!” ಎಂದು ಎಲ್ಲರಿಗೂ ಹೇಳುತ್ತಿದ್ದ. ಸತ್ಯ ಹೇಳಬೇಕೆಂದು ಮೂರು ಸಲ ಬಾಯಿ ತೆರೆದ ಪುಟ್ಟಸ್ವಾಮಿ ನಾಲ್ಕನೆಯ ಸಲ ತೆರೆದದ್ದು ನಗುವುದಕ್ಕೆ. ಹೇಗೂ ಆ ಒಂದು ನಡೆ ಇತ್ತಲ್ಲ, ಆಡಿದ ಹಾಗೇ ಲೆಕ್ಕವಲ್ಲವೇ ಎಂದು ಅವನ ಮನಸ್ಸು ಹೇಳತೊಡಗಿತು. ಎದೆ ಉಬ್ಬಿತು. ಕೈ ತಾನಾಗಿಯೇ ಮೇಲಕ್ಕೆ ಹೋಗಿ ಬೀದಿಯ ಎರಡೂ ಮಗ್ಗುಲಿಗೆ ಬೀಸಿತು.

ಮೆರವಣಿಗೆ ತಿರುವಿಗೆ ಬರುವ ಹೊತ್ತಿಗೆ ಎದುರಿಂದ ಒಂದು ಆಟೋ ಬಂದು ನಿಂತಿತು. ಕಾಟನ್ ಸೀರೆಯ, ದಪ್ಪ ಕನ್ನಡಕದ ವಯಸ್ಸಾದ ಹೆಂಗಸೊಬ್ಬರು ಇಳಿದರು. ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬ.

“ಪುಟ್ಟಸ್ವಾಮಿಯವರ ಮನೆ ಯಾವುದಪ್ಪ? ನಾನು ಸಿದ್ದಲಿಂಗಮ್ಮ, ಅಗ್ರಹಾರದಿಂದ ಬಂದೆ. ತಮಟೆ ಸದ್ದು ಕೇಳಿ ಈ ಕಡೆ ತಿರುಗಿಸು ಅಂದೆ ಆಟೋದವನಿಗೆ.”

ಹೆಗಲ ಮೇಲಿದ್ದ ಪುಟ್ಟಸ್ವಾಮಿ ತನ್ನಷ್ಟಕ್ಕೆ ತಾನೇ ಕೆಳಗೆ ಜಾರಿದ.

“ಬನ್ನಿ ಟೀಚರ್, ಬನ್ನಿ!” ಎಂದು ನಿಂಗಯ್ಯ ಕೈಮುಗಿದರು. “ಸೋತ್ರೂ ಬಂದು ಮರ್ಯಾದೆ ತೋರ್ಸಿದ್ರಲ್ಲ, ಅದು ದೊಡ್ಡತನ.”

“ಸೋತಿದ್ದಾ? ಯಾರು?” ಟೀಚರು ಕನ್ನಡಕ ಸರಿಮಾಡಿಕೊಂಡರು. “ಗೆದ್ದಿದ್ದು ನಾನಲ್ವಾ? ಗೆದ್ದೆ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗಿ ತಾನೇ ಓಡಿ ಬಂದಿದ್ದು.”

ತಮಟೆ ನಿಂತಿತು.

“ಒಂದೇ ಒಂದು ನಡೆ ಇತ್ತು. ಮಂತ್ರಿ ಮುಂದೆ ಬಂದಿದ್ರೆ ನನ್ನ ಕತೆ ಮುಗೀತಿತ್ತು. ಅಂಥಾ ಹೊತ್ತಲ್ಲಿ ಇವ್ರು ಬಾವುಟ ಒತ್ತಿ ಆಟ ಬಿಟ್ಟುಕೊಟ್ಟುಬಿಟ್ರು! ನನ್ನ ಫೋನಲ್ಲಿ ಸ್ಪಷ್ಟವಾಗಿ ಬಂತು, ಬಿಳಿಯವರು ಸೋಲೊಪ್ಪಿದ್ದಾರೆ ಅಂತ. ಈ ಕಾಲದಲ್ಲಿ ವಯಸ್ಸಾದೋರಿಗೆ ಬಸ್ಸಲ್ಲಿ ಸೀಟು ಬಿಡೋರೇ ಇಲ್ಲ. ಇವ್ರು ಗೆದ್ದ ಆಟ ಬಿಟ್ರು.”

ಬೀದಿ ಪುಟ್ಟಸ್ವಾಮಿಯ ಕಡೆ ತಿರುಗಿತು. ನಿಂಗಯ್ಯನವರ ಮುಖ ಒಂದು ಕ್ಷಣ ಫ್ಯೂಸ್ ಹೋದ ಬಲ್ಬಿನಂತಾಯಿತು. ಆದರೆ ಬಹಳ ವರ್ಷ ಸಂಘ ನಡೆಸಿದ ಮನುಷ್ಯ. ಮರುಕ್ಷಣ ಬೆಳಕು ಬಂತು.

“ಗೊತ್ತಿಲ್ವಾ ನಮಗೆ!” ಎಂದು ಗುಡುಗಿದರು. “ಅದಕ್ಕೇ ಕಣಮ್ಮ ಹಾರ ಹಾಕಿದ್ದು! ಗೆಲ್ಲೋರು ಎಲ್ಲಾ ಬಡಾವಣೇಲೂ ಅವ್ರೆ. ಬಿಟ್ಟುಕೊಡೋರು ಕುಂಬಾರಕೊಪ್ಪಲಲ್ಲಿ ಮಾತ್ರ!”

ತಮಟೆ ಮೊದಲಿಗಿಂತ ಜೋರಾಗಿ ಶುರುವಾಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಪುಟ್ಟಸ್ವಾಮಿಗೆ ಮಾತ್ರ ಎದೆಪಟ್ಟಿ, ವೇದಿಕೆ, ದೀಪ ಎಲ್ಲ ಅಗ್ರಹಾರದ ಕಡೆಗೆ ಆಟೋ ಹತ್ತಿ ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು. ಇನ್ನು ತಡೆಯಲಾಗಲಿಲ್ಲ.

“ಟೀಚರ್, ನಾನು ಬಿಟ್ಟುಕೊಡ್ಲಿಲ್ಲ! ದೇವ್ರಾಣೆ! ಬೆನ್ನಿಗೆ ಗುದ್ದಿದ್ರು, ಬೆರಳು ಜಾರಿ ತಾಗ್ಬುಡ್ತು. ಆ ಸಂಜಯ್ ಕೇಳೋದನ್ನೆಲ್ಲ ಆಫ್ ಮಾಡಿದ್ದ. ಇನ್ನೊಂದ್ಸಲ ಆಡೋಣ ಟೀಚರ್!”

ಸಿದ್ದಲಿಂಗಮ್ಮ ಅವನನ್ನೇ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ನೋಡಿದ್ರಾ? ಕೊಟ್ಟಿದ್ದನ್ನ ಕೊಟ್ಟೆ ಅಂತ ಹೇಳ್ಕೊಳ್ಳೋಕೂ ಮನಸ್ಸಿಲ್ಲ. ಪಾಪ, ಬೆರಳಿನ ಮೇಲೆ ಹಾಕ್ತಿದಾರೆ.”

“ನಿಜ ಹೇಳ್ತಿದೀನಿ ಟೀಚರ್!”

“ನಿಮ್ಮಂಥೋರು ಹಿಂಗೇ ಹೇಳೋದು,” ಎಂದು ಅವರು ಪರ್ಸಿನಿಂದ ಫೋನು ತೆಗೆದರು. “ನಾನು ಈ ಜಾಗ ತಗೊಳ್ಳಲ್ಲ. ಇಂಥ ಮನುಷ್ಯರನ್ನ ಕೆಳಗೆ ಕೂರ್ಸಿ ನಾನು ವೇದಿಕೆ ಹತ್ತೋದಾ? ಪಂದ್ಯ ನಡೆಸೋರಿಗೆ ಈಗ್ಲೇ ಹೇಳ್ತೀನಿ.” ಸ್ಪೀಕರ್ ಹಾಕಿದರು. “ಹಲೋ, ನಾನು ಸಿದ್ದಲಿಂಗಮ್ಮ. ನನಗೆ ನಗರ ಮಟ್ಟದ ಜಾಗ ಬೇಡ. ಪುಟ್ಟಸ್ವಾಮಿಯವರಿಗೆ ಕೊಡಿ.”

ಪುಟ್ಟಸ್ವಾಮಿಯ ಎದೆಯಲ್ಲಿ ದೀಪಗಳು ಮತ್ತೆ ಹತ್ತಿಕೊಂಡವು. “ಆಗ್ಲಿ...” ಎನ್ನುವಷ್ಟರಲ್ಲಿ ನಿಂಗಯ್ಯ ಫೋನಿಗೆ ಬಾಯಿ ಹಾಕಿದರು.

“ಸಾಧ್ಯವೇ ಇಲ್ಲ! ಕುಂಬಾರಕೊಪ್ಪಲ ಸಂಘದ ಅಧ್ಯಕ್ಷ ಮಾತಾಡ್ತಿರೋದು. ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಜನ ಅಲ್ಲ ನಾವು. ಟೀಚರೇ ಹೋಗ್ಬೇಕು!”

“ಅಣ್ಣ, ನಾನು ಬೇಕಾದ್ರೆ...”

“ಸುಮ್ನಿರಯ್ಯ, ನಿನ್ನ ಮನಸ್ಸು ನನಗೆ ಗೊತ್ತು!”

“ನಾನು ಹೋಗಲ್ಲಪ್ಪ,” ಎಂದರು ಟೀಚರು.

“ನಮ್ಮೋನೂ ಹೋಗಲ್ಲ ಕಣಮ್ಮ!”

ಬಸ್ಸಿನಲ್ಲಿ ಪುಟ್ಟಸ್ವಾಮಿ ಇದನ್ನು ಎಷ್ಟು ಸಲ ನೋಡಿಲ್ಲ. ‘ನೀವು ಕೂತ್ಕೊಳಿ’, ‘ಪರವಾಗಿಲ್ಲ, ನೀವೇ ಕೂತ್ಕೊಳಿ’ ಎಂದು ಇಬ್ಬರು ಉಪಚಾರ ಮಾಡಿಕೊಳ್ಳುತ್ತ ನಿಂತಾಗ ಹಿಂದಿನ ಬಾಗಿಲಿಂದ ಹತ್ತಿದ ಮೂರನೆಯವನು ಬಂದು ಕೂತುಬಿಡುತ್ತಾನೆ. ಫೋನಿನಿಂದ ಅವಸರದ ದನಿ ಬಂತು.

“ಸರಿ ಸರ್, ಇಬ್ರಿಗೂ ಬೇಡ ಅಂತಾಯ್ತು. ಮಂಡಕಳ್ಳಿ ಬಡಾವಣೆಯೋರು ಜಾಗ ಸಿಗ್ತದಾ ಅಂತ ಬೆಳಗ್ಗಿಂದ ಕಾಯ್ತಿದಾರೆ. ಅವರಿಗೆ ಹಾಕ್ಬುಡ್ತೀನಿ. ತುಂಬಾ ಒಳ್ಳೆ ಜನ ಸರ್ ನೀವು!” ಕರೆ ಕಟ್ಟಾಯಿತು.

ಬೀದಿಯೆಲ್ಲ ಚಪ್ಪಾಳೆ. ಚಪ್ಪಾಳೆಯ ನಡುವೆ ಹಾರ ಹಾಕಿಕೊಂಡು ನಿಂತವನು ಏನು ಮಾಡಬಲ್ಲ? ಪುಟ್ಟಸ್ವಾಮಿ ಕೈಮುಗಿದ. ಟೀಚರು ಅವನ ಬಾಯಿಗೆ ಕೊಬ್ಬರಿ ಮಿಠಾಯಿ ಇಟ್ಟರು. ನಿಂಗಯ್ಯ ಅವನ ಕೈ ಹಿಡಿದೆತ್ತಿ, ಇಂಥವರು ಬಡಾವಣೆಗೊಬ್ಬರಿದ್ದರೆ ದೇಶ ಉದ್ಧಾರವಾದೀತು ಎಂದು ಭಾಷಣ ಮಾಡಿದರು. ಕೇಳುತ್ತ ಕೇಳುತ್ತ ಪುಟ್ಟಸ್ವಾಮಿಯ ಬೆನ್ನು ನೆಟ್ಟಗಾಯಿತು. ಭಾಷಣ ಮುಗಿಯುವ ಹೊತ್ತಿಗೆ ಅವನ ಮುಖದ ಮೇಲೆ, ಬಹಳ ದೊಡ್ಡದೊಂದನ್ನು ಬಿಟ್ಟುಕೊಟ್ಟವರ ಮುಖದ ಮೇಲೆ ಇರುವಂಥ ಶಾಂತಿ ಬಂದು ಕೂತಿತ್ತು.

ಎಲ್ಲರೂ ಹೋದ ಮೇಲೆ ಮನೆಯೊಳಗೆ ಬಂದು, ಹಾರವನ್ನು ಗೋಡೆಯ ಮೊಳೆಗೆ ನೇತುಹಾಕಿ, ಅದನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ನೋಡಿದ. ಕುಸುಮ ತಟ್ಟೆಗೆ ಅನ್ನ ಬಡಿಸುತ್ತ ಮೆಲ್ಲಗೆ ಕೇಳಿದಳು.

“ರೀ, ಬೆರಳು ತಾಗಿದ್ದು ನಿಜ ತಾನೆ?”

“ಅಷ್ಟು ಜನದ ಮುಂದೆ ಆಣೆ ಮಾಡಿ ಹೇಳಿದ್ನಲ್ಲ!”

“ಅವ್ರು ನಂಬ್ಲಿಲ್ಲ. ನಾನು ನಂಬ್ತೀನಿ ಕಣ್ರೀ.”

ತುತ್ತು ಕಲೆಸುತ್ತಿದ್ದ ಪುಟ್ಟಸ್ವಾಮಿಯ ಕೈ ನಿಂತಿತು. ಅವನು ತಲೆಯೆತ್ತಿ ಹೆಂಡತಿಯನ್ನು ದುರುಗುಟ್ಟಿ ನೋಡಿದ.

“ಏನೇ ಹಂಗಂದ್ರೆ? ನಾನೇನು ಬಿಟ್ಟುಕೊಡೋ ಅಂಥ ಮನುಷ್ಯ ಅಲ್ವಾ?”